ಒರತೆಯ ಪಾಠ

ಅನರ್ಥವೊಂದು ಊರಿಗೆ ಬಂದೊದಗಿದಾಗ ಅದರ ಹೊಣೆಯನ್ನು ಹೊರಿಸುವುದಕ್ಕೆ ನಮಗೆ ಎರಡು ಹೆಗಲುಗಳು ಸದಾ ಸಿದ್ಧವಾಗಿರುತ್ತವೆ. ಒಂದು ದೈವದ ಹೆಗಲು. ಇನ್ನೊಂದು ಸರಕಾರದ ಹೆಗಲು. ಮಳೆ ಹೋದರೆ ದೈವ ಮುನಿಯಿತೆನ್ನುತ್ತೇವೆ. ಕಾಳು ಬರದಿದ್ದರೆ ಸರಕಾರ ಕಣ್ಣು ಮುಚ್ಚಿತೆನ್ನುತ್ತೇವೆ. ಇವೆರಡರಲ್ಲಿಯೂ ಸತ್ಯವುಂಟು. ಆದರೆ ಮೂರನೆಯ ಪಾಲೊಂದು ಯಾರ ಲೆಕ್ಕಕ್ಕೂ ಸೇರದೆ ಉಳಿದುಬಿಡುತ್ತದೆ. ಅದು ಊರವರ ಪಾಲು: ಅಳೆಯುವಾಗ ಕೈ ಬಿಗಿಹಿಡಿದ ಅಂಗಡಿಯವನ, ತಿಳಿದೂ ಸುಮ್ಮನಿದ್ದ ಹಿರಿಯನ, ಮೇಲಿನವರು ಹೇಳಿಕೊಟ್ಟುದನ್ನು ತನ್ನ ಬಾಯಿಂದ ಊರಿಗೆ ಹೇಳಿದ ಉಪಾಧ್ಯಾಯನ ಪಾಲು. ಈ ಮೂರನೆಯ ಪಾಲನ್ನು ತೂಗುವುದು ಹೇಗೆ? ಅದನ್ನು ಪಾಪವೆನ್ನಬೇಕೆ, ತಪ್ಪೆನ್ನಬೇಕೆ, ಬರಿಯ ದುರ್ದೈವವೆನ್ನಬೇಕೆ? ಚೀನಾ ದೇಶದ ಇತ್ತೀಚಿನ ಕೆಲವು ಕಥೆ ಕಾದಂಬರಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡಲು ಇಲ್ಲಿ ಉದ್ದೇಶಿಸಿದ್ದೇನೆ.

ಚೀನಾವೇ ಏಕೆ ಎಂದು ಕೇಳುವವರಿರಬಹುದು. ಕಳೆದ ಮೂವತ್ತೈದು ವರುಷಗಳಲ್ಲಿ ಈ ಮೂರನೆಯ ಪಾಲಿನ ಪ್ರಶ್ನೆಯನ್ನು ಬಿಡದೆ ಹಿಡಿದು ಕೇಳಿದ ಲೇಖಕರು ಆ ದೇಶದಲ್ಲಿ ಒಬ್ಬಿಬ್ಬರಲ್ಲ, ಒಂದು ಪೀಳಿಗೆಯೇ ಇದೆ ಎಂಬುದು ನನ್ನ ಉತ್ತರ. ಅವರು ಕೇಳಿದ್ದು ಪೇಕಿಂಗ್ ಶಾಂಘೈಗಳಂಥ ಮಹಾನಗರಗಳಲ್ಲಿ ನಿಂತಲ್ಲ. ಜಿಲ್ಲೆಯ ನಕ್ಷೆಯಲ್ಲಿ ಕಣ್ಣಿಟ್ಟು ಹುಡುಕಬೇಕಾದ ಸಣ್ಣ ಸಣ್ಣ ಊರುಗಳಲ್ಲಿ ನಿಂತು. ಮೋ ಯಾನ್ ಅವರಿಗೆ ಶಾಂಡಾಂಗ್ ಪ್ರಾಂತದ ಗಾವ್ಮಿ. ೨೦೧೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆತಾಗ ಆ ಊರಿನ ಹೆಸರು ಲೋಕಕ್ಕೆ ತಿಳಿಯಿತು. ಯೂ ಹ್ವಾ ಅವರಿಗೆ ಜಜಿಯಾಂಗ್ ಪ್ರಾಂತದ ಹೈಯಾನ್. ಆ ಪುಟ್ಟ ಪಟ್ಟಣದಲ್ಲಿ ಬೆಳೆದ ಅವರು ಲೇಖಕರಾಗುವ ಮುನ್ನ ಐದು ವರುಷ ಅಲ್ಲಿಯೇ ಜನರ ಹಲ್ಲು ಕೀಳುವ ಕೆಲಸ ಮಾಡಿದರು. ಲ್ಯೂ ಝೆನ್‌ಯುನ್ ಅವರಿಗೆ ಹನಾನ್ ಪ್ರಾಂತದ ಯಾನ್‌ಜಿನ್. ಯಾನ್ ಲ್ಯಾನ್‌ಕ ಅವರಿಗೆ ಅದೇ ಹನಾನಿನ ಸಾಂಗ್ ತಾಲ್ಲೂಕು. ಈ ಕೊನೆಯ ಇಬ್ಬರೂ ೧೯೫೮ರಲ್ಲಿ ಹುಟ್ಟಿದವರು. (ಚೀನೀ ಹೆಸರುಗಳು ಕನ್ನಡದ ಲಿಪಿಗೆ ಸುಲಭವಾಗಿ ಒಗ್ಗುವುದಿಲ್ಲ, ನಾನು ಅವರ ಕೃತಿಗಳನ್ನು ಓದಿದ್ದು ಇಂಗ್ಲಿಷ್ ಅನುವಾದಗಳಲ್ಲಿ. ಬಲ್ಲವರು ಉಚ್ಚಾರವನ್ನು ತಿದ್ದಿಕೊಳ್ಳಬೇಕು.)

ಸಣ್ಣ ಊರನ್ನು ಆರಿಸಿಕೊಂಡುದಕ್ಕೆ ತವರಿನ ಮೋಹವಷ್ಟೇ ಕಾರಣವಲ್ಲವೆಂದು ನನಗೆ ತೋರುತ್ತದೆ. ದೊಡ್ಡ ನಗರದಲ್ಲಿ ಅನರ್ಥ ನಡೆದಾಗ ಅಪರಾಧಿಗೆ ಮುಖವಿರುವುದಿಲ್ಲ. ಇಲಾಖೆಯ ಹೆಸರೊಂದಿರುತ್ತದೆ, ಕಾಗದವೊಂದಿರುತ್ತದೆ. ಸಣ್ಣ ಊರಿನಲ್ಲಿ ಹಾಗಲ್ಲ. ಕೆಟ್ಟ ಎಣ್ಣೆ ಮಾರಿದವನು ಇಂಥವರ ಮಗ, ಇಂಥವರ ಅಳಿಯ. ನಾಳೆ ಬಾವಿಯ ಕಟ್ಟೆಯಲ್ಲಿ ಎದುರಾಗುವವನು. ಅವನ ಮನೆಯ ಮದುವೆಯಲ್ಲಿ ನಾವು ಉಂಡಿರುತ್ತೇವೆ. ಆದಕಾರಣ ಅಲ್ಲಿ ನ್ಯಾಯವೂ ಕಷ್ಟ, ಕ್ಷಮೆಯೂ ಕಷ್ಟ. ನಮ್ಮಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು (೧೯೬೫) ಓದಿದವರಿಗೆ ಈ ಇಕ್ಕಟ್ಟು ಹೊಸದಾಗಿ ತೋರಲಾರದು; ಅಲ್ಲಿಯೂ ಪ್ಲೇಗು ಬಂದುದು ಒಂದು ಸಣ್ಣ ಅಗ್ರಹಾರಕ್ಕೆ, ಪ್ರಶ್ನೆ ಎದ್ದುದು ಹೆಣವನ್ನು ಯಾರು ಎತ್ತಬೇಕೆಂಬುದರ ಮೇಲೆ.

ಮೊದಲು ಲ್ಯೂ ಝೆನ್‌ಯುನ್ ಅವರ ಮಾತು. ೧೯೯೩ರಲ್ಲಿ ಅವರು ಬರೆದ ಒಂದು ನೀಳ್ಗತೆಯ ವಸ್ತು ೧೯೪೨-೪೩ರ ಹನಾನಿನ ಬರಗಾಲ. ಮಳೆಯಿಲ್ಲ, ಮಿಡತೆಯ ದಾಳಿ, ಒಂದು ಕಡೆ ಜಪಾನೀ ಸೈನ್ಯ, ಇನ್ನೊಂದು ಕಡೆ ಸೈನ್ಯಕ್ಕೆಂದು ಕಾಳನ್ನು ಕಟ್ಟುನಿಟ್ಟಾಗಿ ವಸೂಲುಮಾಡುತ್ತಿದ್ದ ಸ್ವಂತ ಸರಕಾರ. ಸತ್ತವರ ಸಂಖ್ಯೆ ೨೦ರಿಂದ ೩೦ ಲಕ್ಷವೆಂದು ಅಂದಾಜು. ಸುದ್ದಿ ಬರೆದ ಚೀನೀ ಪತ್ರಿಕೆಯೊಂದನ್ನು ೧೯೪೩ರ ಫೆಬ್ರವರಿಯಲ್ಲಿ ಮೂರು ದಿನ ಮುಚ್ಚಿಸಿದರು. ಥಿಯೊಡೋರ್ ವೈಟ್ ಎಂಬ ಅಮೆರಿಕದ ವರದಿಗಾರನು ಆ ಪ್ರಾಂತಕ್ಕೆ ಹೋಗಿ ಕಣ್ಣಾರೆ ಕಂಡು ಬರೆದ ಮೇಲೆಯೇ ಹೊರಲೋಕಕ್ಕೆ ವಿಷಯ ತಿಳಿದದ್ದು. ಕಥೆಯಲ್ಲಿ ಲೇಖಕನು ಆ ವರುಷದ ವಿವರ ಕೇಳಲು ತನ್ನ ತಾಯಿಯ ತಾಯಿಯ ಬಳಿಗೆ ಹೋಗುತ್ತಾನೆ. ಆಕೆಗೆ ನೆನಪೇ ಇಲ್ಲ. ಜನ ಹಸಿದು ಸತ್ತ ವರುಷಗಳು ಬಹಳ, ನೀನು ಕೇಳುವುದು ಯಾವ ವರುಷವೆಂದು ಮುದುಕಿ ತಿರುಗಿ ಕೇಳುತ್ತಾಳೆ. ಅದೇ ಕಾಲದಲ್ಲಿ ಲೋಕ ಯಾವುದನ್ನು ದೊಡ್ಡ ಸುದ್ದಿಯೆಂದು ಎಣಿಸಿತ್ತೆಂಬುದನ್ನೂ ಲೇಖಕನು ಪಟ್ಟಿಮಾಡುತ್ತಾನೆ: ಸ್ಟಾಲಿನ್‌ಗ್ರಾಡಿನ ಯುದ್ಧ, ಗಾಂಧೀಜಿಯವರ ಉಪವಾಸ, ಚರ್ಚಿಲ್ಲರ ನೆಗಡಿ. ಓದುವಾಗ ನನಗೆ ಒಡನೆಯೇ ನೆನಪಾದದ್ದು, ಅದೇ ೧೯೪೩ರಲ್ಲಿ ನಮ್ಮ ಬಂಗಾಳದಲ್ಲಿಯೂ ಸುಮಾರು ಅಷ್ಟೇ ಜನ ಹಸಿವಿನಿಂದ ಸತ್ತರು, ಅದೂ ಅಂದು ಲೋಕದ ದೊಡ್ಡ ಸುದ್ದಿಗಳ ಪಟ್ಟಿಯಲ್ಲಿರಲಿಲ್ಲ ಎಂಬುದು.

ಇನ್ನೂ ಹಿಂದಕ್ಕೆ ಹೋದರೆ ಈ ಸಂಬಂಧ ಮತ್ತಷ್ಟು ಹತ್ತಿರವಾಗುತ್ತದೆ. ನಮ್ಮ ಸೀಮೆಯಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ ೧೮೭೬-೭೮ರ ಮಹಾಕ್ಷಾಮ ಬಳ್ಳಾರಿ ಜಿಲ್ಲೆಯನ್ನು, ಅಂದರೆ ಅಂದು ಆ ಜಿಲ್ಲೆಗೆ ಸೇರಿದ್ದ ಆದವಾನಿ ರಾಯದುರ್ಗಗಳನ್ನೂ, ಬಹಳ ಕ್ರೂರವಾಗಿ ಬಡಿಯಿತು. ಅದೇ ವರುಷಗಳಲ್ಲಿ ಹನಾನನ್ನೂ ಒಳಗೊಂಡು ಉತ್ತರ ಚೀನಾದಲ್ಲಿಯೂ ಮಳೆ ಕೈಕೊಟ್ಟಿತು. ಅಲ್ಲಿ ಸತ್ತವರು ೯೦ ಲಕ್ಷಕ್ಕೆ ಕಡಿಮೆಯಿಲ್ಲವೆನ್ನುತ್ತಾರೆ. ಶಾಂತಸಾಗರದ ನೀರಿನ ಶಾಖ ಏರುಪೇರಾಗಿ ಎರಡು ದೇಶಗಳ ಮಳೆಯನ್ನೂ ಒಟ್ಟಿಗೇ ಕೆಡಿಸಿತೆಂದು ಈಗಿನ ಹವಾಶಾಸ್ತ್ರ ಹೇಳುತ್ತದೆ. ಹಾಗಾದರೆ ನಮ್ಮ ಮುತ್ತಜ್ಜಂದಿರೂ ಆ ಮುದುಕಿಯ ಹಿರಿಯರೂ ಒಂದೇ ಬರದಲ್ಲಿ ಹಸಿದವರು. ಇರಲಿ. ಮುದುಕಿಯ ಮರೆವನ್ನು ನಾವು ದೋಷವೆನ್ನಬೇಕೆ? ನೊಂದವರಿಗೆ ಮರೆಯುವ ಹಕ್ಕಿದೆ ಎಂದೇ ನನ್ನ ಅಭಿಪ್ರಾಯ. ನೋವನ್ನು ನೆನಪಿಡುವ ಕರ್ತವ್ಯ ಅದನ್ನು ಉಣ್ಣದವರ ಮೇಲೆ ಹೆಚ್ಚಾಗಿ ಬೀಳುತ್ತದೆ. ಮಕ್ಕಳಿಗೆ ಚರಿತ್ರೆ ಹೇಳುವ ನಾವು ಆ ಎರಡನೆಯ ವರ್ಗದವರು.

ಈಗ ಯೂ ಹ್ವಾ. ಅವರ ೧೯೯೫ರ ಕಾದಂಬರಿಯ ನಾಯಕ ಶೂ ಸಾನ್‌ಗ್ವಾನ್ ಒಂದು ಸಣ್ಣ ಪಟ್ಟಣದ ರೇಷ್ಮೆ ಕಾರ್ಖಾನೆಯ ಕೂಲಿ. ಸಂಸಾರಕ್ಕೆ ಕಷ್ಟ ಬಂದಾಗಲೆಲ್ಲ ಆಸ್ಪತ್ರೆಗೆ ಹೋಗಿ ರಕ್ತವನ್ನು ಮಾರುತ್ತಾನೆ. ಮಾರುವ ಮುನ್ನ ಹೊಟ್ಟೆ ಬಿರಿಯುವಷ್ಟು ನೀರು ಕುಡಿಯುತ್ತಾನೆ. ಮಾರಿದ ಮೇಲೆ ಹೋಟೆಲಿನಲ್ಲಿ ಕೂತು ಹುರಿದ ಹಂದಿಯ ಈಲಿಯನ್ನೂ ಅಕ್ಕಿಯ ಮದ್ಯವನ್ನೂ ತರಿಸಿಕೊಳ್ಳುತ್ತಾನೆ. ಕೆಲವರಿಗೆ ಇದು ಹಾಸ್ಯ ಕಾದಂಬರಿ. ನಿಜಕ್ಕೂ ನಗು ಬರುತ್ತದೆ. ೧೯೫೯-೬೧ರ ಮಹಾಕ್ಷಾಮದ ಭಾಗ ಬಂದಾಗ (ಆ ಕ್ಷಾಮದಲ್ಲಿ ಚೀನಾ ದೇಶದಾದ್ಯಂತ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಬೇರೆ ಬೇರೆಯಾಗಿ ಎಣಿಸುತ್ತಾರೆ) ನಗು ಗಂಟಲಲ್ಲಿ ನಿಲ್ಲುತ್ತದೆ. ದಿನವೂ ಜೋಳದ ತಿಳಿಗಂಜಿ. ತನ್ನ ಹುಟ್ಟಿದ ದಿನ ರಾತ್ರಿ ಆತನು ಹೆಂಡತಿ ಮಕ್ಕಳನ್ನು ಮಲಗಿಸಿ, ಬಾಯಿಂದಲೇ ಅಡಿಗೆ ಮಾಡಿ ಬಡಿಸುತ್ತಾನೆ. ಮಕ್ಕಳಿಗೆ ಮಾಂಸ, ಹೆಂಡತಿಗೆ ಮೀನು. ಕತ್ತರಿಸುವುದು, ಬೇಯಿಸುವುದು, ಒಗ್ಗರಣೆ ಎಲ್ಲ ಮಾತಿನಲ್ಲಿಯೇ. ಮಕ್ಕಳು ಎಂಜಲು ನುಂಗುತ್ತಾರೆ.

ಮರುದಿನ ಆತ ರಕ್ತ ಮಾರಿ ಮನೆಯವರನ್ನು ಸೇವಿಗೆಯೂಟಕ್ಕೆ ಕರೆದೊಯ್ಯುತ್ತಾನೆ. ಆದರೆ ಹಿರಿಯ ಮಗ ಯೀಲೆಯನ್ನು ಬಿಟ್ಟು. ಯೀಲೆ ತನಗೆ ಹುಟ್ಟಿದವನಲ್ಲವೆಂದು ಊರೆಲ್ಲ ಆಡಿಕೊಂಡಿದೆ. ಬೇರೊಬ್ಬನ ಮಗನಿಗೆ ತನ್ನ ರಕ್ತದ ಹಣದಲ್ಲಿ ಊಟವೇಕೆ? ಅವನ ಕೈಗೆ ಗೆಣಸಿನ ಕಾಸು ಕೊಟ್ಟು ಕಳಿಸುತ್ತಾನೆ. ಹುಡುಗ ಮನೆಬಿಟ್ಟು ಹೋಗುತ್ತಾನೆ; ಸಂಜೆ ಸಿಕ್ಕಾಗ ಶೂ ಸಾನ್‌ಗ್ವಾನ್ ಅವನನ್ನು ಬಾಯಿತುಂಬ ಬಯ್ಯುತ್ತ ಬೆನ್ನಮೇಲೆ ಹೊತ್ತು, ಆ ಹೋಟೆಲಿನ ದೀಪದ ಕಡೆಗೇ ನಡೆಯುತ್ತಾನೆ. ಮುಂದೆ ಅದೇ ಯೀಲೆಗೆ ಕಾಯಿಲೆಯಾದಾಗ ಊರೂರಿಗೆ ಇಳಿದು ರಕ್ತ ಮಾರುತ್ತ ಶಾಂಘೈವರೆಗೆ ಹೋಗುವವನೂ ಆತನೇ. ಅನರ್ಥಕಾಲದಲ್ಲಿ ಮನುಷ್ಯನು ಮೊದಲು ಲೆಕ್ಕ ಹಾಕುತ್ತಾನೆ, ಯಾರು ನಮ್ಮವರು ಯಾರು ಅಲ್ಲ ಎಂದು. ಶೂ ಸಾನ್‌ಗ್ವಾನ್ ಸಹ ಹಾಕಿದ. ಆದರೆ ಒಂದು ಹಗಲಿನ ಮೇಲೆ ಆ ಲೆಕ್ಕ ಅವನಲ್ಲಿ ನಿಲ್ಲಲಿಲ್ಲ. ಯೂ ಹ್ವಾ ಇದರ ಮೇಲೆ ಒಂದು ಮಾತಿನ ವ್ಯಾಖ್ಯಾನವನ್ನೂ ಬರೆಯುವುದಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಯಾನ್ ಲ್ಯಾನ್‌ಕ ಅವರ 'ಡಿಂಗ್ ಹಳ್ಳಿಯ ಕನಸು' ಎಂಬ ಕಾದಂಬರಿಯನ್ನು ಕುರಿತು. ಇದು ೨೦೦೬ರಲ್ಲಿ ಪ್ರಕಟವಾಯಿತು. ಬೇಗನೆ ಅದರ ಮಾರಾಟವನ್ನು ಅಲ್ಲಿನ ಅಧಿಕಾರಿಗಳು ತಡೆದರು. ಅದರ ಹಿಂದಿರುವ ನಿಜಸಂಗತಿ ಹೀಗೆ. ೧೯೯೦ರ ದಶಕದ ಮೊದಲ ಭಾಗದಲ್ಲಿ ಹನಾನ್ ಪ್ರಾಂತದಲ್ಲಿ ಬಡ ರೈತರಿಂದ ರಕ್ತವನ್ನು ಕೊಂಡು, ಅದರ ನೀರಿನಂಶವನ್ನು, ಅಂದರೆ ಪ್ಲಾಸ್ಮಾವನ್ನು, ಬೇರ್ಪಡಿಸಿ ಔಷಧದ ತಯಾರಕರಿಗೆ ಒದಗಿಸುವ ವ್ಯಾಪಾರ ಬೆಳೆಯಿತು. ಇದಕ್ಕೆ ಸ್ಥಳೀಯ ಅಧಿಕಾರಿಗಳ ಪ್ರೋತ್ಸಾಹವಿತ್ತು. ಬಡಪ್ರಾಂತ ಸಿರಿವಂತವಾಗುವ ದಾರಿಯೆಂದರು. ಒಂದೇ ಗುಂಪಿನ ಹಲವರ ರಕ್ತವನ್ನು ಒಟ್ಟಿಗೆ ಸುರಿದು, ಯಂತ್ರದಲ್ಲಿ ತಿರುಗಿಸಿ, ಪ್ಲಾಸ್ಮಾ ತೆಗೆದುಕೊಂಡು, ಉಳಿದ ಕೆಂಪುಕಣಗಳನ್ನು ಮಾರಿದವರ ಮೈಗೇ ಮತ್ತೆ ಏರಿಸುತ್ತಿದ್ದರು. ಮೈ ಸೊರಗದು, ಬೇಗನೆ ಮತ್ತೆ ಮಾರಬಹುದು ಎಂಬುದು ಅದರ ಅನುಕೂಲ. ಒಬ್ಬನಲ್ಲಿದ್ದ ಏಡ್ಸಿನ ವಿಷಾಣು ಎಲ್ಲರಿಗೂ ಹಂಚಿಹೋಗುತ್ತದೆ ಎಂಬುದು ಅದರ ಫಲ. ಹತ್ತಾರು ಸಾವಿರ ಜನಕ್ಕೆ ರೋಗ ಹಿಡಿಯಿತು. ಕೆಲವು ಹಳ್ಳಿಗಳಲ್ಲಿ ಮನೆಗೊಂದು ಹೆಣ ಬಿತ್ತು. ಗಾವ್ ಯಾವ್‌ಜ್ಯೆ ಎಂಬ ನಿವೃತ್ತ ವೈದ್ಯೆಯೊಬ್ಬರು ೧೯೯೬ರಲ್ಲಿ ಇಂಥ ರೋಗಿಯೊಬ್ಬಳನ್ನು ಕಂಡು, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಹಳ್ಳಿಹಳ್ಳಿ ತಿರುಗಿ, ಸ್ವಂತ ಹಣದಿಂದ ಕರಪತ್ರ ಅಚ್ಚುಹಾಕಿಸಿ ಹಂಚಿದರು. ಆ ಮಹಾತಾಯಿಯನ್ನು ಅಧಿಕಾರಿಗಳು ಮನೆಯಲ್ಲಿಯೇ ಕಾವಲಿಟ್ಟದ್ದೂ ಉಂಟು. ೨೦೦೯ರಲ್ಲಿ ಅವರು ದೇಶಬಿಟ್ಟು ಹೋದರು. ೨೦೨೩ರ ಡಿಸೆಂಬರಿನಲ್ಲಿ, ೯೫ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಕಾದಂಬರಿಯ ಕಥೆಯನ್ನು ಹೇಳುವವನು ಸತ್ತುಹೋದ ಹನ್ನೆರಡು ವರುಷದ ಹುಡುಗ. ಅವನ ತಂದೆ ಡಿಂಗ್ ಹ್ವೀ ಆ ಹಳ್ಳಿಯ ರಕ್ತದ ವ್ಯಾಪಾರಿ. ಒಂದೇ ಸೂಜಿಯನ್ನು, ಒಂದೇ ಹತ್ತಿಯನ್ನು ಹಲವರಿಗೆ ಬಳಸಿ ದುಡ್ಡು ಮಾಡಿ ಮಹಡಿಮನೆ ಕಟ್ಟಿಸಿದವನು. ತಂದೆಯ ಮೇಲಿನ ಸೇಡಿಗೆ ಊರವರಲ್ಲಿ ಯಾರೋ ಮೊದಲು ಅವನ ಕೋಳಿಗಳಿಗೆ, ಆಮೇಲೆ ಹಂದಿಗೆ, ಕೊನೆಗೆ ಮಗನಿಗೇ ವಿಷವಿಕ್ಕಿದರು. ಹುಡುಗನನ್ನು ಶಾಲೆಯ ಹಿಂಭಾಗದಲ್ಲಿ ಹೂಳುತ್ತಾರೆ. ಆ ಶಾಲೆಯನ್ನು ಕಾಯುವವನು ಹುಡುಗನ ಅಜ್ಜ, ಡಿಂಗ್ ಶ್ವೇಯಾಂಗ್. ಗಂಟೆ ಬಾರಿಸುವುದು ಅವನ ಕೆಲಸ. ಉಪಾಧ್ಯಾಯರು ಬಾರದ ದಿನ ತಾನೇ ಪಾಠವನ್ನೂ ಹೇಳುತ್ತಾನೆ. ಹೀಗಾಗಿ ಊರಿಗೆಲ್ಲ ಆತ ಮೇಷ್ಟ್ರೇ.

ನನ್ನ ವಿಚಾರವೆಲ್ಲ ಈ ಅಜ್ಜನ ಸುತ್ತ ತಿರುಗುವುದು. ರಕ್ತದ ವ್ಯಾಪಾರ ಆರಂಭವಾಗುವ ಮುನ್ನ, ತಾಲ್ಲೂಕಿನ ಶಿಕ್ಷಣಾಧಿಕಾರಿಯು ಜನರನ್ನು ಒಪ್ಪಿಸಲು ಹಳ್ಳಿಗೆ ಬರುತ್ತಾನೆ. (ಶಿಕ್ಷಣಾಧಿಕಾರಿಗೂ ರಕ್ತಕ್ಕೂ ಏನು ಸಂಬಂಧವೆಂದು ಕೇಳಬೇಡಿ. ಎಲ್ಲ ಇಲಾಖೆಗಳಿಗೂ ಇಷ್ಟಿಷ್ಟು ಹಳ್ಳಿಗಳನ್ನು ಹೊರಡಿಸಬೇಕೆಂದು ಹಂಚಿಕೊಟ್ಟಿದ್ದರು. ನಮ್ಮ ವೃತ್ತಿಯವರಿಗೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಕಾಣಲಾರದು.) ಊರಿನ ಮುಖಂಡ ಲೀ ಸಾನ್‌ರೆನ್ ಒಪ್ಪುವುದಿಲ್ಲ. ಜನರೂ ಹೆದರುತ್ತಾರೆ, ರಕ್ತ ಹೋದರೆ ಜೀವ ಹೋದಂತೆಯೇ ಎಂದು ಅವರ ನಂಬಿಕೆ. ಆಗ ಅಧಿಕಾರಿಯ ಇಚ್ಛೆಯಂತೆ ಅಜ್ಜನು ಜನರನ್ನು ಹಳೆಯ ನದಿಯ ಮರಳಿಗೆ ಕರೆದೊಯ್ಯುತ್ತಾನೆ. ಮರಳಿನಲ್ಲಿ ಗುಂಡಿ ತೋಡುತ್ತಾನೆ. ನೀರು ಜಿನುಗಿ ತುಂಬುತ್ತದೆ. ಅದನ್ನು ಮೊಗೆದು ಚೆಲ್ಲುತ್ತಾನೆ, ಮತ್ತೆ ತುಂಬುತ್ತದೆ. ಮೊಗೆದಷ್ಟೂ ಬರುತ್ತದೆ. ಮೈಯ ರಕ್ತವೂ ಹೀಗೆಯೇ, ತೆಗೆದಷ್ಟೂ ಊರುತ್ತದೆ ಎಂದು ತಿಳಿಸಿಕೊಡುತ್ತಾನೆ. ಜನ ನಂಬುತ್ತಾರೆ.

ಈ ಭಾಗವನ್ನು ಓದಿದಾಗ ನಾನು ಪುಸ್ತಕವನ್ನು ಕೆಲಹೊತ್ತು ಕೆಳಗಿಟ್ಟೆ. ಬೇಸಗೆಯಲ್ಲಿ ಹಗರಿಯ ಮರಳಿನಲ್ಲಿ ಒರತೆ ತೋಡಿ ಕೊಡ ತುಂಬಿಸುವುದನ್ನು ಕಂಡವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಅದಕ್ಕಿಂತ ಮಿಗಿಲಾಗಿ, ಅದು ಎಷ್ಟು ಒಳ್ಳೆಯ ಪಾಠ! ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕು, ಮೂರ್ತದಿಂದ ಅಮೂರ್ತಕ್ಕೆ ಹೋಗಬೇಕು, ಪರಿಸರದಲ್ಲಿ ಸಿಕ್ಕುವ ವಸ್ತುವನ್ನೇ ಪಾಠೋಪಕರಣವಾಗಿ ಬಳಸಬೇಕು ಎಂದು ಟ್ರೈನಿಂಗ್ ಸ್ಕೂಲಿನಲ್ಲಿ ನಮಗೆಲ್ಲ ಕಲಿಸಿದ್ದಾರಷ್ಟೆ? ಆ ಅಜ್ಜನು ಇದಿಷ್ಟನ್ನೂ ಮಾಡಿದ. ಮಾದರಿ ಪಾಠವನ್ನು ಪರೀಕ್ಷಿಸಲು ಬಂದ ಯಾವ ಪರೀಕ್ಷಕನೂ ಅವನಿಗೆ ಕಡಿಮೆ ಅಂಕ ಕೊಡಲಾರ. ಆ ಪಾಠದ ಫಲವಾಗಿ ಊರು ಸತ್ತಿತು.

ಅಜ್ಜನು ಸುಳ್ಳು ಹೇಳಿದನೆ? ವಿಜ್ಞಾನವನ್ನು ಕೇಳಿದರೆ, ಇಲ್ಲ. ರಕ್ತ ನಿಜವಾಗಿಯೂ ಊರುತ್ತದೆ. ತೆಗೆದ ನೀರಿನಂಶ ಒಂದೆರಡು ದಿನಗಳಲ್ಲಿಯೂ, ಕೆಂಪುಕಣಗಳು ಕೆಲವು ವಾರಗಳಲ್ಲಿಯೂ ಮತ್ತೆ ತುಂಬಿಕೊಳ್ಳುತ್ತವೆ. ನಮ್ಮಲ್ಲಿಯೂ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದೆಂದು ವೈದ್ಯರೇ ಹೇಳುತ್ತಾರೆ; ದಾನಮಾಡಿ ಎಂದು ನಾವೂ ಮಕ್ಕಳಿಗೆ ಹೇಳಬೇಕು, ಹೇಳುತ್ತೇವೆ. ಹಾಗಾದರೆ ಒರತೆಯ ಹೋಲಿಕೆ ಸರಿಯಾದುದೇ. ತಪ್ಪಿದ್ದುದು ಹೋಲಿಕೆಯಲ್ಲಿ ಸೇರದೆ ಹೊರಗುಳಿದ ಸಂಗತಿಗಳಲ್ಲಿ: ಸೂಜಿ ಯಾರದು, ಹತ್ತಿ ಎಷ್ಟನೆಯದು, ಹಲವರ ರಕ್ತ ಏಕೆ ಒಂದೇ ಪಾತ್ರೆಯಲ್ಲಿ, ಅಷ್ಟು ಅವಸರ ಏಕೆ, ಲಾಭ ಯಾರಿಗೆ. ಒರತೆ ಇವಾವುದಕ್ಕೂ ಉತ್ತರ ಹೇಳದು. ಕಣ್ಣೆದುರಿಗೆ ನೀರು ತುಂಬುತ್ತಿರುವಾಗ ಪ್ರಶ್ನೆ ಕೇಳುವ ಮನಸ್ಸು ಯಾರಿಗೂ ಬಾರದು. ಒಳ್ಳೆಯ ಪಾಠಕ್ಕೆ ಈ ಅಪಾಯವುಂಟು. ಅದು ಸಂದೇಹವನ್ನು ನಿವಾರಿಸಿಬಿಡುತ್ತದೆ. ಕೆಟ್ಟ ಪಾಠ ಹೇಳಿದ್ದರೆ ಊರು ಬದುಕುತ್ತಿತ್ತೋ ಏನೋ.

ಅಜ್ಜನ ಪರವಾಗಿ ವಾದಿಸುವವರು ಹೇಳಬಹುದಾದ ಮೊದಲ ಮಾತು, ಆತನಿಗೆ ರೋಗದ ವಿಷಯ ತಿಳಿದಿರಲಿಲ್ಲವೆಂದು. ಇದು ನಿಜ, ಮತ್ತು ದೊಡ್ಡ ಮಾತು. ತಿಳಿಯದೆ ಮಾಡಿದ್ದಕ್ಕೂ ತಿಳಿದು ಮಾಡಿದ್ದಕ್ಕೂ ಒಂದೇ ತೂಕವೆಂದರೆ ಲೋಕದಲ್ಲಿ ನ್ಯಾಯವೇ ಉಳಿಯದು. ಆದರೆ ಅಜ್ಞಾನದಲ್ಲಿ ಎರಡು ಬಗೆಯುಂಟು. ವಿಷಾಣುವನ್ನು ಅರಿಯದಿದ್ದುದು ಒಂದು. ಅದನ್ನು ಆ ಹಳ್ಳಿಯಲ್ಲಿ ಯಾರೂ ಅರಿಯರು, ಅರಿಯುವ ದಾರಿಯೂ ಇರಲಿಲ್ಲ. ತಾನು ಅರಿಯನೆಂಬುದನ್ನು ಹೇಳದೆ ಹೋದದ್ದು ಇನ್ನೊಂದು. ರಕ್ತದ ವಿಚಾರ ತನಗೆ ಏನೂ ತಿಳಿಯದೆಂಬುದು ಅಜ್ಜನಿಗೆ ತಿಳಿದೇ ಇತ್ತು. ವೈದ್ಯನಲ್ಲದವನು ವೈದ್ಯನ ಮಾತನ್ನು ಉಪಾಧ್ಯಾಯನ ಧ್ವನಿಯಲ್ಲಿ ಹೇಳಿದ. ಮೊದಲನೆಯ ಅಜ್ಞಾನಕ್ಕೆ ಕ್ಷಮೆಯುಂಟು. ಎರಡನೆಯದಕ್ಕೆ ಅಷ್ಟು ಸುಲಭವಾಗಿ ಕ್ಷಮೆ ಹೇಳಲಾರೆ.

ಮೇಲಿನವರ ಆಜ್ಞೆಯಿತ್ತಲ್ಲ ಎಂಬುದು ಮುಂದಿನ ವಾದ. ಇದಕ್ಕೆ ಕಾದಂಬರಿಯೇ ಉತ್ತರ ಕೊಡುತ್ತದೆ. ಲೀ ಸಾನ್‌ರೆನ್ ಒಲ್ಲೆನೆಂದ, ಮುಖಂಡತನ ಕಳೆದುಕೊಂಡ. ಒಲ್ಲೆನೆನ್ನಲು ದಾರಿಯಿತ್ತೆಂದಾಯಿತು. ಆದರೆ ಯಾನ್ ಲ್ಯಾನ್‌ಕ ಅವರು ನಮಗೆ ಸುಲಭದ ಆದರ್ಶಪುರುಷನನ್ನು ಕೊಡುವವರಲ್ಲ. ಆ ಲೀ ಸಾನ್‌ರೆನ್ನನೂ ಕಡೆಗೆ ಬಡತನ ತಾಳಲಾರದೆ ರಕ್ತ ಮಾರಿದ, ರೋಗ ಹಿಡಿಸಿಕೊಂಡ, ಕಳೆದುಹೋದ ತನ್ನ ಮುಖಂಡತನದ ಮುದ್ರೆಗಾಗಿ ಹಲುಬುತ್ತ ಸತ್ತ. ಒಮ್ಮೆ ಒಲ್ಲೆನೆಂದವನಿಗೆ ಅದೇ ಕವಚವಾಗಲಿಲ್ಲ. ಹಾಗೆಂದು ಅವನ ಒಲ್ಲೆನೆಂಬ ಮಾತಿಗೆ ಬೆಲೆಯಿಲ್ಲವೆನ್ನೋಣವೆ? ನನಗೆ ಹಾಗೆ ತೋರದು. ಫಲದಿಂದ ಮಾತ್ರ ಕರ್ಮವನ್ನು ಅಳೆಯಬಾರದೆಂದು ನಮ್ಮ ಹಿರಿಯರು ಹೇಳಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ಆತನು ಒಂದು ಕಾಸಿನ ಲಾಭವನ್ನೂ ಪಡೆಯಲಿಲ್ಲವೆಂಬ ಮಾತೂ ಇದೆ. ಲಾಭ ಪಡೆದವನು ಮಗ. ಆದರೆ ಅಜ್ಜನು ಖರ್ಚುಮಾಡಿದ್ದು ಏನನ್ನು? ಎಷ್ಟೋ ವರುಷ ತಪ್ಪದೆ ಗಂಟೆ ಬಾರಿಸಿ, ಹಾಜರಿಲ್ಲದವರ ಪಾಠ ಹೇಳಿ, ಊರಿನ ಮಕ್ಕಳ ತಲೆ ಸವರಿ ಗಳಿಸಿದ ವಿಶ್ವಾಸವನ್ನು. ಶಿಕ್ಷಣಾಧಿಕಾರಿಯ ಮಾತನ್ನು ಜನ ನಂಬಲಿಲ್ಲ, ಅಜ್ಜನ ಮಾತನ್ನು ನಂಬಿದರು. ಅಧಿಕಾರಿಗೆ ಬೇಕಾಗಿದ್ದುದು ಆ ವಿಶ್ವಾಸವೇ. ಸಂಬಳ ಕಡಿಮೆಯಿದ್ದರೂ ನಮ್ಮ ಬಳಿ ಅದೊಂದು ಗಂಟು ಇರುತ್ತದೆ. ಸಾಲ ಕೇಳುವವರು ಬಂದೇ ಬರುತ್ತಾರೆ. ಪ್ರಚಾರಕ್ಕೆ, ವಂತಿಗೆಗೆ, ಯಾವುದೋ ಹೊಸ ಯೋಜನೆಗೆ ಮೇಷ್ಟ್ರು ಹೇಳಿದರೆ ಕೇಳುತ್ತಾರೆ ಎಂಬ ಮಾತನ್ನು ಕೇಳದ ಉಪಾಧ್ಯಾಯನು ನಮ್ಮ ಗಡಿಯ ಈಚೆಗೂ ಆಚೆಗೂ ಇರಲಾರನು. ಅದರಲ್ಲಿ ಒಳ್ಳೆಯ ಕಾರ್ಯಗಳೇ ಹೆಚ್ಚು. ಸಿಡುಬಿನ ಕಾಲದಿಂದಲೂ ಲಸಿಕೆ ಹಾಕಿಸಿದವರು ನಾವೇ. ಆದಕಾರಣ ಯಾವ ಮಾತನ್ನೂ ಊರಿಗೆ ಹೇಳಬೇಡವೆಂಬುದು ನನ್ನ ತಾತ್ಪರ್ಯವಲ್ಲ. ಲಸಿಕೆಯ ದಿನ ಸೂಜಿಯನ್ನು ನಾವು ಕಣ್ಣಾರೆ ನೋಡುತ್ತೇವೆ, ಕೇಳಿದವರಿಗೆ ತೋರಿಸುತ್ತೇವೆ. ಅಜ್ಜನು ಮರಳನ್ನು ತೋರಿಸಿದ, ಸೂಜಿಯನ್ನು ತೋರಿಸಲಿಲ್ಲ.

ಹತ್ತು ವರುಷಗಳ ಮೇಲೆ ಊರಿನಲ್ಲಿ ಸಾವು ಆರಂಭವಾದಾಗ ಅಜ್ಜನು ರೋಗಿಗಳನ್ನೆಲ್ಲ ಶಾಲೆಗೆ ಕರೆತರುತ್ತಾನೆ. ಶಾಲೆಯಲ್ಲಿ ಪಾಠ ನಿಂತಿದೆ. ಮನೆಯಲ್ಲಿದ್ದರೆ ಮನೆಯವರಿಗೆ ಭಯ. ಇಲ್ಲಿ ಒಟ್ಟಿಗೆ ಅಡಿಗೆ, ಒಟ್ಟಿಗೆ ಊಟ. ಮಗನ ಬಳಿಗೆ ಹೋಗಿ, ಊರಿನವರೆದುರು ತಲೆಬಾಗಿ ತಪ್ಪೊಪ್ಪಿಕೊಳ್ಳೆಂದು ಬೇಡುತ್ತಾನೆ. ಮಗ ಒಪ್ಪದಿರಲು ತಾನೇ ಜನರೆದುರು ಮೊಣಕಾಲೂರುತ್ತಾನೆ. ಕೆಲವು ದಿನ ಆ ಶಾಲೆ ಸ್ವರ್ಗದಂತಿರುತ್ತದೆ. ಆಮೇಲೆ ಕಳವು ಮೊದಲಾಗುತ್ತದೆ. ಸಾಯಲಿರುವವರು ಸಾಯಲಿರುವವರ ಅಕ್ಕಿಯನ್ನು ಕದಿಯುತ್ತಾರೆ. ಅಡಿಗೆಯವಳೇ ಕದ್ದಳು, ಸಂಬಳವಿಲ್ಲದೆ ಬೇಯಿಸಿ ಹಾಕುವ ನನಗೆ ಅಷ್ಟೂ ಬೇಡವೆ ಎಂಬುದು ಅವಳ ನ್ಯಾಯ. ಇನ್ನೊಬ್ಬನು ಹೆಣ್ಣೊಬ್ಬಳ ಕೆಂಪು ರೇಷ್ಮೆಯ ಅಂಗಿಯನ್ನು ಕದ್ದ. ಮದುವೆಯ ಕಾಲದಲ್ಲಿ ಹೆಂಡತಿಗೆ ಅಂಥದೊಂದನ್ನು ಕೊಡಿಸುವೆನೆಂದು ಮಾತುಕೊಟ್ಟಿದ್ದ. ಬಾಳೆಲ್ಲ ಕಳೆದರೂ ಕೊಡಿಸಲಾಗಲಿಲ್ಲ. ಸಾಯುವ ಮುನ್ನ ಆ ಮಾತು ತೀರಬೇಕಾಗಿತ್ತು. ಇವನನ್ನು ಏನೆನ್ನೋಣ? ಕಳ್ಳನೆಂಬುದು ನಿಜ, ಮಾತಿಗೆ ನಡೆದವನೆಂಬುದೂ ನಿಜ. ನಮ್ಮ ನೀತಿಪಾಠದ ಪುಸ್ತಕಗಳಲ್ಲಿ ಈ ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಅಚ್ಚುಹಾಕಿರುತ್ತಾರೆ. ಮುಂದೆ ಊರಿನ ಇಬ್ಬರು ಶಾಲೆಯ ಆಡಳಿತವನ್ನು ಅಜ್ಜನ ಕೈಯಿಂದ ಕಿತ್ತುಕೊಂಡು ಮೇಜುಗಳನ್ನೂ ಸಾಮಾನುಗಳನ್ನೂ ರೋಗಿಗಳಿಗೆ ಹಂಚಿಬಿಡುತ್ತಾರೆ. ಶವಪೆಟ್ಟಿಗೆಗಳಿಗೆಂದು ಊರಿನ ಮರಗಳೆಲ್ಲ ಉರುಳುತ್ತವೆ. ಡಿಂಗ್ ಹ್ವೀಯಂತೂ ಈ ಹೊತ್ತಿಗೆ ರಕ್ತವನ್ನು ಬಿಟ್ಟು ಶವಪೆಟ್ಟಿಗೆಗಳ ವ್ಯಾಪಾರಕ್ಕಿಳಿದಿದ್ದಾನೆ.

ಕೊನೆಯಲ್ಲಿ ನಡೆಯುವುದು ಇದು. ಸತ್ತ ಕುವರ ಕುವರಿಯರಿಗೆ ಮದುವೆ ಮಾಡಿಸುವ ದಂಧೆಯನ್ನೂ ಹಿಡಿದ ಡಿಂಗ್ ಹ್ವೀ, ಅಧಿಕಾರಿಯೊಬ್ಬನ ಸತ್ತ ಮಗಳಿಗೆ ಕೊಡಲೆಂದು ತನ್ನ ಮಗನ ಅಸ್ಥಿಯನ್ನು ಶಾಲೆಯ ಹಿಂದಿನ ಗೋರಿಯಿಂದ ತೆಗೆಸುತ್ತಾನೆ. ಹುಡುಗ ಅಜ್ಜನನ್ನು ಕೂಗುತ್ತಾನೆ. ಅಜ್ಜನು ಮಗನನ್ನು ದೊಣ್ಣೆಯಿಂದ ಹೊಡೆದು ಕೊಲ್ಲುತ್ತಾನೆ.

ಹಲವರು ಇದನ್ನು ನ್ಯಾಯದ ಜಯವೆಂದು ಕೊಂಡಾಡಿರುವರು. ನನಗೆ ಇಲ್ಲಿ ಲೇಖಕರೊಡನೆ ತಕರಾರಿದೆ. ಕೊಲೆ ಸರಿಯೇ ಅಲ್ಲವೇ ಎಂಬುದಿರಲಿ. ಅದು ಓದುಗನಿಗೆ ಬೇಡದ ಸಮಾಧಾನವೊಂದನ್ನು ಕೊಡುತ್ತದೆ. ಪಾಪವೆಲ್ಲ ಒಂದು ತಲೆಯ ಮೇಲೆ ಬಂದು ನಿಂತು, ಆ ತಲೆ ಒಡೆದು, ಲೆಕ್ಕ ಚುಕ್ತಾ ಆದಂತೆ. ಹುಡುಗನಿಗೆ ವಿಷವಿಕ್ಕಿದವರು ಯಾರೆಂದು ಪುಸ್ತಕ ಮುಗಿದರೂ ತಿಳಿಯುವುದಿಲ್ಲ. ಹನ್ನೆರಡು ವರುಷದ ಮಗು ಯಾವ ರಕ್ತವನ್ನೂ ಮಾರಿರಲಿಲ್ಲ, ಕೊಂಡಿರಲಿಲ್ಲ. ಆ ವಿಷವನ್ನು ಇಟ್ಟ ಕೈ ಶಾಲೆಯ ಅಂಗಳದಲ್ಲಿ ಎಲ್ಲರೊಡನೆ ಉಂಡಿರಬೇಕು, ಎಲ್ಲರ ಅನುಕಂಪವನ್ನೂ ಪಡೆದಿರಬೇಕು. ನೊಂದವರೆಂಬ ಒಂದೇ ಕಾರಣಕ್ಕೆ ನಿರಪರಾಧಿಗಳಾಗುವುದಿಲ್ಲ ಎಂಬ ಕಹಿಯಾದ ಸತ್ಯವನ್ನು ಲೇಖಕರು ಮೊದಲ ಪುಟಗಳಲ್ಲಿಯೇ ಮುಂದಿಟ್ಟು, ಕೊನೆಯಲ್ಲಿ ದೊಣ್ಣೆಯ ಸದ್ದಿನಲ್ಲಿ ಅದನ್ನು ಮರೆಸಿದರೆಂದು ನನ್ನ ಭಾವನೆ. ಒರತೆಯ ಪಾಠ ಹೇಳಿದ ಕೈಯೇ ದೊಣ್ಣೆಯನ್ನೂ ಹಿಡಿದುದರಿಂದ ಆ ಪಾಠದ ಋಣ ತೀರಿತೆ? ಬಹುಶಃ ಅಜ್ಜನೂ ಹಾಗೆ ಭಾವಿಸಿರಲಾರ.

ಲೇಖಕರ ಸ್ವಂತ ಪಾಲನ್ನೂ ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಅವರೇ ಅದನ್ನು ಮುಚ್ಚಿಟ್ಟಿಲ್ಲ. ನಿಷೇಧದ ಭಯದಿಂದ ತಾನು ಬರೆಯುವಾಗಲೇ ಎಷ್ಟೋ ಸಂಗತಿಗಳನ್ನು ಮೊದಲೇ ಬಿಟ್ಟುಬಿಟ್ಟೆನೆಂದು ಯಾನ್ ಲ್ಯಾನ್‌ಕ ೨೦೦೬ರಲ್ಲಿಯೇ ಪತ್ರಿಕೆಯವರಿಗೆ ಹೇಳಿದರು. ಆದಾಗ್ಯೂ ಪುಸ್ತಕ ತಡೆಯಲ್ಪಟ್ಟಿತು. ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳಲಿಲ್ಲ, ಹೇಳಿದ್ದೂ ಜನರಿಗೆ ಮುಟ್ಟಲಿಲ್ಲ. ದೂರದಲ್ಲಿ ಕೂತು ಇದನ್ನು ಹೇಡಿತನವೆನ್ನುವುದು ಸುಲಭ, ನಾನು ಅನ್ನಲಾರೆ. ಆದರೆ ಇದೂ ಒರತೆಯ ಪಾಠದ ಜಾತಿಯದೇ: ಹೇಳಿದ್ದೆಲ್ಲ ನಿಜ, ಬಿಟ್ಟುಹೋದದ್ದು ಬೇರೆ. ಒಂದು ಮುಖ್ಯ ವ್ಯತ್ಯಾಸವುಂಟು. ಲೇಖಕರು ಬಿಟ್ಟೆನೆಂಬುದನ್ನು ಬಾಯಿಬಿಟ್ಟು ಹೇಳಿದರು. ಹಾಗೆ ಹೇಳಿದ ಮೇಲೆ ಓದುವವನು ಆ ಬಿಟ್ಟ ಸ್ಥಳಗಳನ್ನು ಹುಡುಕಿಕೊಂಡಾದರೂ ಓದಬಲ್ಲನು. ಮರಳಿನ ಸುತ್ತ ನಿಂತಿದ್ದ ಜನಕ್ಕೆ ಆ ಅವಕಾಶವಿರಲಿಲ್ಲ.

ಈ ಕೃತಿಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಬಹುದೆ ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಶೂ ಸಾನ್‌ಗ್ವಾನ್ ಬಾಯಿಂದ ಅಡಿಗೆ ಮಾಡಿದ ಪ್ರಸಂಗವನ್ನೂ, ಯೀಲೆಯನ್ನು ಹೊತ್ತು ನಡೆದ ಪ್ರಸಂಗವನ್ನೂ ಏಳನೆಯ ತರಗತಿಯ ಮಕ್ಕಳಿಗೆ ಧಾರಾಳವಾಗಿ ಹೇಳಬಹುದು. ಅವರಿಗೆ ಹಿಡಿಸುವುದರಲ್ಲಿ ಸಂದೇಹವಿಲ್ಲ. ಲ್ಯೂ ಝೆನ್‌ಯುನ್ ಅವರ ಅಜ್ಜಿಯ ಮಾತನ್ನು ಹೈಸ್ಕೂಲಿನ ಚರಿತ್ರೆಯ ಪಾಠದೊಡನೆ ಸೇರಿಸಿಕೊಳ್ಳಬಹುದು. ಡಿಂಗ್ ಹಳ್ಳಿಯ ಕಥೆಯನ್ನು ಮಾತ್ರ ಸದ್ಯಕ್ಕೆ ನಾವು ಉಪಾಧ್ಯಾಯರೇ ಓದಿಕೊಳ್ಳೋಣ. ಸಿಂಡಿ ಕಾರ್ಟರ್ ಎಂಬುವರ ಇಂಗ್ಲಿಷ್ ಅನುವಾದ ೨೦೧೧ರಿಂದ ದೊರೆಯುತ್ತದೆ. ಭಾಷೆ ಸರಳವಾಗಿದೆ, ನಿಘಂಟು ಹತ್ತಿರವಿಟ್ಟುಕೊಂಡರೆ ಸಾಕು.